ಗರಿಯ ಬುಡದ ಕೆಂಪು

ಭೀಮಶಾ ಅಣ್ಣನಿಗೆ, ನಿಂಬರ್ಗಾದಿಂದ ನಿನ್ನ ತಂಗಿ ಶರಣಮ್ಮ ಬರೆಯುವುದು.

ನೀನು ಇದ್ದಾಗ ಒಂದು ಸಾಲು ಬರೆಯದವಳು ಈಗ ಯಾಕೆ ಬರೆಯುತ್ತಾಳೆ ಎಂದು ನಿನಗೆ ಅನುಮಾನ ಬಂದರೆ ಬರಲಿ. ತವರಿನಿಂದ ನನ್ನ ಪಾಲಿಗೆ ಬಂದ ಆಸ್ತಿ ಅದೊಂದೇ, ಸ್ವಲ್ಪ ನಿನಗೂ ಇರಲಿ. "ಈಕಿ ಉಪ್ಪಿನ ಡಬ್ಬಿ ಕೈಯಾಗ ಕೊಟ್ರೂ ನೆಕ್ಕಿ ನೋಡೇ ಉಪ್ಪ ಅಂತಾಳ" ಎಂದು ನನ್ನ ಮದುವೆಯ ಹಂದರದಲ್ಲಿ ಬೀಗರ ಮುಂದೆ ಹೇಳಿ ಎಲ್ಲರನ್ನೂ ನಗಿಸಿದ್ದೆ. ಸುಳ್ಳೇನಲ್ಲ. ಶಾಲೆಯ ಮೆಟ್ಟಿಲು ಹತ್ತದೆ, ಬೆಲ್ಲ ಕಟ್ಟಿಕೊಟ್ಟ ಪೇಪರು ಬಿಡಿಸಿ ಅಕ್ಷರ ಕಲಿತವಳು ನಾನು. ಒಂದೊಂದು ಅಕ್ಷರವನ್ನೂ ಎರಡು ಸಲ ನೋಡಿ, ಮೂರನೆಯ ಸಲ ನಂಬಿದ್ದೇನೆ. ಒಂದೇ ಒಂದು ವಿಷಯವನ್ನು ಮಾತ್ರ ಒಂದೇ ಸಲ ನೋಡಿ ನಂಬಿಬಿಟ್ಟೆ. ಅದನ್ನು ಹೇಳುವುದಕ್ಕೇ ಈ ಪತ್ರ.

ಹೋದ ವಾರ ನಿನ್ನ ಮಗಳು ಕಾಶೀಬಾಯಿ ಜೇವರ್ಗಿಯಿಂದ ಬಂದಳು. ದವಾಖಾನೆಯ ಡ್ಯೂಟಿ ಮುಗಿಸಿ, ಬಸ್ಸು ಬದಲಿಸಿ, ನಿನ್ನ ತಗಡಿನ ಟ್ರಂಕನ್ನು ತಾನೇ ಹೊತ್ತುಕೊಂಡು. ಇಷ್ಟು ವರ್ಷ ಇಲ್ಲದ ಅತ್ತೆಯ ನೆನಪು ಇವಳಿಗೆ ಈಗ ಯಾಕೆ? ಚಹಾ ಕಾಯಿಸಲು ಎದ್ದರೆ ಸೆರಗು ಹಿಡಿದು ಕೂರಿಸಿದಳು.

"ಅತ್ತಿ, ಚಾ ಕುಡಿಯಾಕ ಬಂದಿಲ್ರಿ. ಒಂದ ಮಾತ ಕೇಳಾಕ ಬಂದೇನಿ."

"ಕೇಳ್ ಬೇ."

"ನಮ್ಮಪ್ಪ ನವಿಲ ಕೊಂದಿದ್ನೇನ್ರಿ?"

ರೋಗಿಗೆ ಸೂಜಿ ಚುಚ್ಚಿ ಚುಚ್ಚಿ ಅವಳ ಕೈಯೂ ಮಾತೂ ಒಂದೇ ಆಗಿಬಿಟ್ಟಿವೆ. ಅವಳು ಟ್ರಂಕು ತೆರೆದು ನಿನ್ನ ಕೊನೆಯ ಕುಂಚವನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು. ದರ್ಗಾದವರು ಮೋರ್ಚಲ್ ಎನ್ನುವ, ನಾವು ಕುಂಚ ಎನ್ನುವ ಅದೇ ನವಿಲುಗರಿಯ ಕಟ್ಟು. ಕಣ್ಣುಗಳೆಲ್ಲ ಇನ್ನೂ ಹಸಿರು, ಇನ್ನೂ ನೀಲಿ. "ಬರೂ ಗುರುವಾರಕ್ಕ ಅಪ್ಪ ಹೋಗಿ ವರ್ಷ ಆತ್ರಿ. ಇದನ್ನ ನಿಮ್ಮೂರ ದರ್ಗಾಕ್ಕ ಮುಟ್ಟಸಬೇಕಂತ ಮಾಡೇನಿ. ಆದ್ರ ಇದರಾಗ ಕಿತ್ತ ಗರಿ ಅದಾವ, ಅದಕ್ಕ ಅವರು ತಗೊಳ್ಳಿಲ್ಲ ಅಂತ ಮಂದಿ ಅಂತಾರ. ಹಂಗ ಹೇಳಿದಾಕಿ ನೀವ ಅಂತನೂ ಅಂತಾರ."

"ನಿನಗ ಬಿಚ್ಚಿ ನೋಡಾಕ ಏನಾಗಿತ್ತ? ನರ್ಸ್ ಬಾಯಿ ಅದಿ, ಎಷ್ಟ್ ಪಟ್ಟಿ ಬಿಚ್ಚಿಲ್ಲ."

"ಹಿಡಕಿಗಿ ಸುತ್ತಿದ ಅಂಚು ನಿಮ್ಮ ಸೀರಿದಂತಲ್ರಿ. ಅದನ್ನ ನಾವ್ಯಾರೂ ಬಿಚ್ಚಬಾರದು, ಕೊಟ್ಟಾಕೀನ ಬಿಚ್ಚಬೇಕು ಅಂತಿದ್ದ ಅಪ್ಪ."

ನೋಡಿದೆ. ಬದನೆಕಾಯಿ ಬಣ್ಣದ ಇಳಕಲ್ ಸೀರೆಯ ಕೆಂಪು ಅಂಚು. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಕೈಯಾರೆ ಹರಿದು ಕೊಟ್ಟದ್ದು. ಕಾಶೀಬಾಯಿಯ ಮೇಲೆ ನನಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ನನ್ನನ್ನು ಪರೀಕ್ಷೆ ಮಾಡಲು ಬಂದಿದ್ದಾಳೋ, ನನ್ನ ಬಾಯಿಂದಲೇ ಹೇಳಿಸಿ ಮಂದಿಯ ಮುಂದೆ ಆಡಲು ಬಂದಿದ್ದಾಳೋ? "ಇವತ್ತ ಇರು, ನಾಳೆ ನೋಡೂಣು" ಎಂದೆ. ನಿಜ ಹೇಳಬೇಕೆಂದರೆ ಅಂಚು ಬಿಚ್ಚಲು ನನಗೆ ಧೈರ್ಯ ಬರಲಿಲ್ಲ. ನಾನು ಹೇಳಿದ್ದು ಸುಳ್ಳಾದರೆ ಎಂಬ ಭಯವೋ, ಖರೆಯಾದರೆ ಎಂಬ ಭಯವೋ...

ನಮ್ಮ ಅಜ್ಜ, ಮುತ್ಯಾ ನೆನಪಾದ. ಅಫಜಲಪುರದ ಕಡೆ, ನಮ್ಮ ತವರಿನ ಹೊಲ ಭೀಮೆಯ ದಂಡೆಗೆ ಮುಟ್ಟುವಲ್ಲಿ ಒಂದು ಸಾಲು ಜಾಲಿ ಮರಗಳಿದ್ದವಲ್ಲ, ಅವುಗಳ ನೆರಳಿಗೆ ಮುತ್ಯಾ ಎಂದೂ ಕೂಡುತ್ತಿರಲಿಲ್ಲ. ಎಂಥ ಬಿಸಿಲಿದ್ದರೂ ಬುತ್ತಿಯನ್ನು ಬಯಲಲ್ಲೇ ಬಿಚ್ಚುತ್ತಿದ್ದ. ಆತನ ಹರೆಯದಲ್ಲಿ, ನಿಜಾಮರ ಕಾಲದಲ್ಲಿ, ಮುಂಬೈ ಕಡೆಯ ಒಬ್ಬ ಮನುಷ್ಯ ತಗಡಿನ ಪೆಟ್ಟಿಗೆ ಹಿಡಿದು ನದಿಯ ಊರೂರಿಗೆ ಬರುತ್ತಿದ್ದನಂತೆ. ಗೂಡು ಕಟ್ಟುವ ಕಾಲಕ್ಕೆ ಬೆಳ್ಳಕ್ಕಿಯ ಬೆನ್ನ ಮೇಲೆ ರೇಷ್ಮೆಯ ಎಳೆಯಂಥ ಗರಿ ಬೆಳೆಯುತ್ತದೆ. ಅದು ಅವನಿಗೆ ಬೇಕು. ಹಡಗು ಹತ್ತಿ ಹೋಗಿ ಪರದೇಶದ ಹೆಂಗಸರ ಟೋಪಿಯ ಮೇಲೆ ಕೂಡುವ ಗರಿ. ನಮ್ಮ ಜಾಲಿ ಗಿಡದ ಹಕ್ಕಿ ಯಾವಳೋ ದೊರೆಸಾನಿಯ ತಲೆಯ ಮೇಲೆ. "ಬೆನ್ನಿನ ತೊಗಲ ಸಮೇತ ಸುಲದು ಕೊಡಬೇಕಿತ್ತು" ಎನ್ನುತ್ತಿದ್ದ ಮುತ್ಯಾ. "ಬೆರಳ ಹಿಂಗ ಹಾಕಿ ಜಗ್ಗಿದ್ರ ಬರ್ತದ. ಗೂಡಿನಾಗ ಮರಿ ಬಾಯಿ ತಗದು ಕೂತಿರ್ತಿದ್ದು. ಮೂರ ದಿನ ಚೀರತಾವು. ನಾಕನೇ ದಿನ ಗಿಡೆಲ್ಲ ಸುಮ್ಮ ಆಗ್ತದ."

"ಸುಲದವರು ಯಾರ್ ಮುತ್ಯಾ?" ಎಂದು ಕೇಳಿದವಳು ನಾನು. "ಊರ ಮಂದಿ" ಎಂದ. "ಮತ್ತ ಬೆರಳ ಹಾಕೂದು ನಿನಗ ಹೆಂಗ ಗೊತ್ತ?" ಎನ್ನುವಷ್ಟರಲ್ಲಿ ನೀನು ನನ್ನ ತೊಡೆ ಚಿವುಟಿದೆ. ಮುತ್ಯಾ ಎದ್ದು ಬಿಸಿಲಿಗೆ ಹೋದ. ನಮ್ಮ ಮನೆಯ ಕಟ್ಟಳೆ ಆತನದೇ: ಬಿದ್ದ ಗರಿ ನಮ್ಮದು, ಇದ್ದ ಗರಿ ಹಕ್ಕಿಯದು. ನೀನು ಆ ಮಾತನ್ನು ಹಾಡಿನಂತೆ ಹೇಳುತ್ತಿದ್ದೆ. ನನಗೆ ಮಾತ್ರ ಕಟ್ಟಳೆಯ ಹಿಂದೆ ಆ ಬೆರಳೇ ಕಾಣುತ್ತಿತ್ತು. ಇಷ್ಟು ಗಟ್ಟಿ ಕಟ್ಟಳೆ ಮಾಡುವವನು ಏನೂ ಮಾಡಿರದವನೇ?

ನೀನು ಸೈಕಲ್ ಮೇಲೆ ಬರುತ್ತಿದ್ದ ದಿನಗಳು ಕಣ್ಣ ಮುಂದಿವೆ. ಶ್ರಾವಣ ಕಳೆದು ನವಿಲುಗಳು ಬಾಲ ಉದುರಿಸುವ ಹೊತ್ತಿಗೆ ನೀನು ಹೋಗಿ ನೆಲೆಸಿದ ಜೇವರ್ಗಿಯಿಂದ ಹೊರಟು, ಕಿಣ್ಣಿ ಸುಲ್ತಾನ ಊರಿನ ಹೊಲಗಳನ್ನು ದಾಟಿ ನಮ್ಮೂರಿಗೆ. ಹ್ಯಾಂಡಲ್ಲಿಗೆ ಸೂಜಿ, ಪಿನ್ನು, ಹಣಿಗೆ, ರಿಬ್ಬನ್ನಿನ ಚೀಲ. ತೊಗರಿಯಲ್ಲಿ ಕಳೆ ತೆಗೆಯುವ ಹೆಂಗಸರು ಸಾಲಿನಲ್ಲಿ ಸಿಕ್ಕ ಗರಿಗಳನ್ನು ಉಡಿಯಲ್ಲಿ ತುಂಬಿಟ್ಟು ನಿನ್ನನ್ನು ಕಾಯುತ್ತಿದ್ದರು. "ಭೀಮಣ್ಣ, ಹತ್ತ ಗರಿಗಿ ಒಂದ ಹಣಗಿ ಅಂದ್ರ ನಿನ್ನ ತಲಿಯಾಗಿನ ಹೇನೂ ಒಪ್ಪಾಂಗಿಲ್ಲ" ಎಂದು ಅವರು ಕಾಡಿದರೆ, "ಹೇನಿಗಿ ಬ್ಯಾರೆ ರೇಟ್ ಅದವಾ" ಎಂದು ನೀನು. ಒಂದೊಂದು ಗರಿಯ ಬುಡವನ್ನೂ ತಿರುಗಿಸಿ ನೋಡುತ್ತಿದ್ದೆ. ತಾನಾಗಿ ಬಿದ್ದ ಗರಿಯ ಬುಡ ಒಣಗಿ, ಬೆಳ್ಳಗೆ, ಬಾಯಿ ಮುಚ್ಚಿಕೊಂಡಿರುತ್ತದೆ. ಕಿತ್ತ ಗರಿಗೆ ರಕ್ತ ಹತ್ತಿರುತ್ತದೆ. ನನಗೂ ಅದನ್ನು ನೀನೇ ಕಲಿಸಿದ್ದು. ಗುಡಿ ದರ್ಗಾಗಳಿಗೆ ನೀನು ಕಟ್ಟುತ್ತಿದ್ದ ಕುಂಚಗಳಲ್ಲಿ ವರ್ಷದ ಮೊದಲನೆಯದು ನಮ್ಮೂರ ಹಳ್ಳದ ದಂಡೆಯ ಸಣ್ಣ ದರ್ಗಾಕ್ಕೆ, ಅದರ ಹಿಡಿಕೆಗೆ ಕುಂಚ ಕೊಡುವ ಮನೆಯ ಮಗಳ ಸೀರೆಯ ಅಂಚು. ಅಂಚು ಹರಿಯುವಾಗ ಒಳ್ಳೆಯ ಸೀರೆಯದೇ ಬೇಕು ಎಂದು ನೀನು ಜಗಳ ತೆಗೆಯುತ್ತಿದ್ದೆ, ಹಳೆಯದು ಸಾಕು ಎಂದು ನಾನು. ಬದನೆಕಾಯಿ ಬಣ್ಣದ್ದು ನನ್ನ ಒಳ್ಳೆಯ ಸೀರೆ. ಒಮ್ಮೆ ಮಾತ್ರ ನೀನು ಗೆದ್ದದ್ದು.

ಆ ಅಂಚನ್ನು ಮುಂದಿನ ಕುಂಚಕ್ಕೆಂದು ನೀನು ಯುಗಾದಿಗೇ ಒಯ್ದಿದ್ದೆ. ಅದೇ ವರ್ಷ ಮಿರಗದ ಮೊದಲ ಮಳೆ ಬಿದ್ದು ಬಿತ್ತನೆ ನಡೆದಾಗ, ಎಂದೂ ಬಾರದ ಹೊತ್ತಿನಲ್ಲಿ ನೀನು ಬಂದೆ. ಸೈಕಲ್ ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಒಂದು ಕಟ್ಟು. "ನಮ್ಮ ಮಾಳಗಿ ಸೋರಾಕತ್ತದ ತಂಗಿ. ನಿನ್ನ ಮನಿ ಫರಸಿಕಲ್ಲಿಂದು. ನಾಲ್ಕ ದಿನ ಇಲ್ಲಿ ಇರ್ಲಿ, ನಾ ಸುತ್ತಿನ ಹಳ್ಳಿ ತಿರುಗಿ ಬರ್ತೀನಿ" ಎಂದೆ. ಇಟ್ಟುಕೊಂಡೆ. ಮೂರನೆಯ ದಿನ ಊರಲ್ಲಿ ಸುದ್ದಿ: ಹಳ್ಳದ ಕಡೆ ನವಿಲು ಸತ್ತು ಬಿದ್ದಿವೆ ಅಂತ. ನೋಡಲು ಹೋದವರಿಗೆ ಒಂದು ಪುಕ್ಕವೂ ಸಿಗಲಿಲ್ಲ. ಕುರಿ ಕಾಯುವ ಮಾಳಪ್ಪ ನನ್ನ ಬಾಗಿಲಿಗೆ ಬಂದು ದನಿ ತಗ್ಗಿಸಿ ಹೇಳಿದ: "ಯಕ್ಕಾ, ನಿಮ್ಮಣ್ಣ ನಸುಕಿನ್ಯಾಗ ಹಳ್ಳದಾಗ ಸಲಿಕಿ ತೊಳಿಯಾಕತ್ತಿದ್ದ. ನಾ ಏನೂ ನೋಡಿಲ್ಲ, ಹಂ."

ಅವನು ಹೋದ ಮೇಲೆ ಗೋಣಿಚೀಲ ಬಿಚ್ಚಿದೆ. ಗರಿಗಳ ಬುಡ ಕೆಂಪಗಿತ್ತು. ಒಂದಲ್ಲ, ಎರಡಲ್ಲ, ಎಲ್ಲವೂ. ಜ್ಯೇಷ್ಠದಲ್ಲಿ ಯಾವ ನವಿಲೂ ಗರಿ ಉದುರಿಸುವುದಿಲ್ಲ. ಮಳೆಗೆ ಕುಣಿಯಲು ತುಂಬು ಬಾಲ ಹೊತ್ತು ನಿಂತಿರುತ್ತದೆ. ಇನ್ನೇನು ಬೇಕು? ಸಲಿಕೆ ಇದೆ, ಸತ್ತ ನವಿಲು ಇವೆ, ಕೆಂಪು ಇದೆ. ಸಂಜೆ ನೀನು ಕಟ್ಟು ಒಯ್ಯಲು ಬಂದಾಗ ನಾನು ಹೊಸ್ತಿಲಲ್ಲೇ ತಡೆದು, ಒಳಗೆ ಕರೆಯದೆ, "ಮುತ್ಯಾನ ಕೈ ನಿನಗ ಬಂದದ ಏನಣ್ಣಾ?" ಎಂದೆ. ನೀನು ನನ್ನ ಮುಖ ನೋಡಲಿಲ್ಲ. ಚೀಲ ಚಾಚಿದ ನನ್ನ ಕೈ ನೋಡಿದೆ. ಬಹಳ ಹೊತ್ತು ನೋಡಿದೆ. ಆಮೇಲೆ ಇಷ್ಟೇ ಹೇಳಿದೆ: "ಕೈ ಚಂದಗ ತೊಳಕೊ ಬೇ ತಂಗಿ. ಉಣ್ಣೂದಕ್ಕಿಂತ ಮೊದಲ ತೊಳಕೊ."

ನನಗೆ ಅದು ಚುಚ್ಚುಮಾತೆನಿಸಿತು. ನಿನ್ನ ಗರಿ ಮುಟ್ಟಿದ್ದಕ್ಕೆ ಕೈ ತೊಳೆಯಬೇಕೆಂದು ನೀನೇ ಹೇಳುತ್ತೀಯಲ್ಲ, ತಪ್ಪು ಒಪ್ಪಿದ ಹಾಗೇ ಆಯಿತು ಎಂದುಕೊಂಡೆ. ಆ ಶ್ರಾವಣದ ಮುಂಚೆಯೇ ದರ್ಗಾದ ಮುಜಾವರ ಚಾಚಾನ ಹತ್ತಿರ ಹೋಗಿ, "ಈ ಸಲ ನಮ್ಮಣ್ಣನ ಕುಂಚ ತಗೋಬ್ಯಾಡ್ರಿ, ಅದು ಬಿದ್ದ ಗರಿದಲ್ಲ, ನಾ ಕಣ್ಣಾರೆ ಕಂಡೇನಿ" ಎಂದೆ. ಅವರು ತೆಗೆದುಕೊಳ್ಳಲಿಲ್ಲ. ಒಂದು ದರ್ಗಾ ಬಿಟ್ಟದ್ದನ್ನು ಇನ್ನೊಂದು ಗುಡಿ ಯಾಕೆ ಹಿಡಿದೀತು? ನಿನ್ನ ಸೈಕಲ್ ನಮ್ಮ ಕಡೆ ಬರುವುದು ನಿಂತಿತು. ಮದುವೆ ಮುಂಜಿಯಲ್ಲಿ ಎದುರಾದರೆ ಮಳೆಯ ಮಾತು, ಬೆಳೆಯ ಮಾತು. ಪಂಚಮಿಗೆ ನೀನು ಯಾರದೋ ಕೈಯಲ್ಲಿ ಉಂಡಿ ಕಳಿಸುತ್ತಿದ್ದೆ. ನಾನು ಒಡೆದು ನೋಡಿ ತಿನ್ನುತ್ತಿದ್ದೆ. ಏನು ಹುಡುಕುತ್ತಿದ್ದೆನೋ ಅದರೊಳಗೆ.

ಕಾಶೀಬಾಯಿ ಬಂದ ಮರುದಿನ ಬೆಳಿಗ್ಗೆ, ಪಡಸಾಲೆಯ ಬಿಸಿಲಿನಲ್ಲಿ ಕೂತು ಅಂಚು ಬಿಚ್ಚಿದೆ. ಒಂದೊಂದು ಸುತ್ತಿಗೂ ನಿಲ್ಲಿಸಿ ಉಸಿರು ಬಿಡುತ್ತಿದ್ದೆ. ಕೊನೆಯ ಸುತ್ತು ಬಿಚ್ಚಿದಾಗ ಗರಿಗಳ ಬುಡ ಹರಡಿಕೊಂಡವು. ಕೆಂಪು. ಅದೇ ಕೆಂಪು.

"ನೋಡಿದೆಲ್ಲ" ಎಂದೆ ನಿನ್ನ ಮಗಳಿಗೆ. ನನ್ನ ದನಿಯಲ್ಲಿ ಗೆದ್ದವಳ ಗತ್ತು ಇತ್ತು ಅಣ್ಣಾ, ಅದನ್ನೂ ಮುಚ್ಚಿಡುವುದಿಲ್ಲ.

ಅವಳು ಒಂದು ಗರಿ ಎತ್ತಿ ಬಿಸಿಲಿಗೆ ಹಿಡಿದಳು. "ಅತ್ತಿ, ನಾ ದಿನಾ ರಕ್ತ ನೋಡಾಕಿ. ಇಪ್ಪತ್ತೆರಡ ವರ್ಷದ ರಕ್ತ ಹಿಂಗ ಕೆಂಪಗ ಇರ್ತದೇನ್ರಿ? ಎರಡ ದಿನಕ್ಕ ಕರ್ರಗಾಗ್ತದ."

ಕುರಿ ಕೊಯ್ದ ಕಲ್ಲನ್ನು ನಾನು ನೋಡಿಲ್ಲವೇ? ಕುಡುಗೋಲಿನಲ್ಲಿ ಬೆರಳು ಕೊಯ್ದುಕೊಂಡು ಸೆರಗಿಗೆ ಸುತ್ತಿಲ್ಲವೇ? ಇಷ್ಟು ಸಣ್ಣ ಮಾತು ಅಂದು ನನಗೆ ಹೊಳೆಯಲಿಲ್ಲವೇ, ಹೊಳೆಯುವುದು ನನಗೆ ಬೇಕಿರಲಿಲ್ಲವೇ? ಉಗುರಿನಿಂದ ಕೆರೆದೆ. ಕೆಂಪು ಚಕ್ಕೆಯಾಗಿ ಎದ್ದು ಬಂತು. ಬೆಂಕಿಕಡ್ಡಿ ತಾಗಿಸಿದರೆ ಕರಗಿ, ಬಳೆ ಮಾಡುವವರ ಮನೆಯ ವಾಸನೆ ಬಂತು. ಅರಗು. ಅದರ ಕೆಳಗೆ ಗರಿಯ ಬುಡ ಬೆಳ್ಳಗೆ, ಒಣಗಿ, ಬಾಯಿ ಮುಚ್ಚಿಕೊಂಡು ಕೂತಿತ್ತು. ಎರಡನೆಯದು ಕೆರೆದೆ, ಹತ್ತನೆಯದು ಕೆರೆದೆ. ನನ್ನ ಬಗ್ಗೆ ಗೊತ್ತಲ್ಲ, ಒಂದನ್ನೂ ಬಿಡದೆ ಕೆರೆದೆ. ಎಲ್ಲವೂ ಬಿದ್ದ ಗರಿ.

"ಜೇವರ್ಗಿಯಾಗ ನಮ್ಮ ಓಣಿ ಬಳಿಗಾರ ಮುದುಕ ಕಲಿಸಿದ್ದ್ರಿ ಇದು" ಎಂದಳು ಕಾಶೀಬಾಯಿ. "ಮಳಿಗಾಲಕ್ಕ ಗರಿಗಿ ಹುಳ ಬೀಳ್ತಾವಂತ, ಹಿಂದಿನ ವರ್ಷ ಉಳದ ಗರಿಗಿ ಅಪ್ಪ ಮಿರಗದ ಮುಂದ ಅರಗ ಹಚ್ಚತಿದ್ದ. ನಿಮಗ ಗೊತ್ತಿರಲಿಲ್ಲೇನ್ರಿ?" ನನಗೆ ಹೇಗೆ ಗೊತ್ತು? ನಮ್ಮ ತವರಿನಲ್ಲಿ ಬೇವಿನ ಸೊಪ್ಪಿನಲ್ಲಿ ಸುತ್ತಿಡುತ್ತಿದ್ದರು. ನನ್ನ ಮುಂದೆ ಬರುತ್ತಿದ್ದುದು ಹೊಸ ಗರಿ, ಇಲ್ಲವೇ ಹಿಡಿಕೆ ಕಟ್ಟಿ ಮುಗಿಸಿದ ಕುಂಚ.

ಹಾಗಾದರೆ ಸಲಿಕೆ? ಬಿಡಲಿಲ್ಲ ನಾನು. ಅರಗು ಸರಿ, ಹುಗಿದದ್ದು ಏನು, ಯಾಕೆ? ಈ ಹುಡುಗಿ ಅರಗಿನ ಕತೆ ಹೇಳಿ ಉಳಿದದ್ದನ್ನು ಮುಚ್ಚುತ್ತಿದ್ದಾಳೆಯೇ? ಅವಳ ಮುಖ ನೋಡುತ್ತಾ ಟ್ರಂಕಿನಲ್ಲಿ ಕೈ ಆಡಿಸಿದೆ. ಮೂಲೆಯಲ್ಲಿ ಒಂದು ಸಣ್ಣ ಡಬ್ಬಿ, ಹಲ್ಲುಪುಡಿಯದು. ಅಲುಗಿಸಿದರೆ ಗಲಗಲ ಎಂದಿತು. ಕಾಶೀಬಾಯಿ ತಟ್ಟನೆ ಕೈ ಚಾಚಿದಳು.

"ಅದು ಬ್ಯಾಡ್ರಿ. ಅದರಾಗ ಕಾಳ ಅದಾವ. ಕೋಳಿಗಿ ಹಾಕಬ್ಯಾಡ, ಬಿತ್ತಬ್ಯಾಡ, ನಿಮ್ಮತ್ತಿ ಕೈಗಿ ಕೊಡಬ್ಯಾಡ ಅಂತಿದ್ದ ಅಪ್ಪ."

"ಯಾಕಂತ?"

"ನನಗ ಗೊತ್ತಿಲ್ರಿ. ಕೇಳಿದ್ರ ಎದ್ದು ಹೋಗ್ತಿದ್ದ."

ಬೇಡ ಎಂದದ್ದನ್ನು ನಾನು ಬಿಟ್ಟದ್ದುಂಟೇ? ಮುಚ್ಚಳ ತೆರೆದು ಅಂಗೈಗೆ ಸುರಿದುಕೊಂಡೆ. ಹತ್ತು ಹನ್ನೆರಡು ತೊಗರಿ ಕಾಳು. ಗುಲಾಬಿಗಿಂತ ಗಾಢ, ರಕ್ತಕ್ಕಿಂತ ತಿಳಿ, ಆ ಬಣ್ಣ. ಇಷ್ಟು ವರ್ಷವಾದರೂ ಒಂದಕ್ಕೂ ನುಸಿ ಹಿಡಿದಿರಲಿಲ್ಲ.

ಆ ಬಣ್ಣ ನನಗೆ ಗೊತ್ತು. ಆ ಮಿರಗದಲ್ಲಿ ಅಂಗಡಿಯಿಂದ ತಂದ ಹುಳದ ಔಷಧವನ್ನು ಬೀಜಕ್ಕೆ ಕಲಸಿದವಳು ನಾನು. ಬರಿಗೈಯಲ್ಲಿ, ಪುಟ್ಟಿಯಲ್ಲಿ, ಹಿಟ್ಟು ನಾದಿದ ಹಾಗೆ. ನಮ್ಮ ಮನೆಯವರು ಸ್ವಲ್ಪವೇ ಹಾಕು ಎಂದಿದ್ದರು. ಅಂಗಡಿಯವನ ಔಷಧ ಸ್ವಲ್ಪ ಹಾಕಿದರೆ ಕೆಲಸ ಮಾಡೀತೆಂದು ನನಗೆ ನಂಬಿಕೆ ಬಾರದೆ ಎರಡು ಪಟ್ಟು ಹಾಕಿದೆ. ಬಿತ್ತಿ ಉಳಿದ ಕಾಳನ್ನು ಮನೆಗೆ ತಂದರೆ ಕೋಳಿ ತಿಂದಾವೆಂದು ಹಳ್ಳದ ಬದುವಿಗೆ ಚೆಲ್ಲಿದೆ. ನನ್ನ ಕೋಳಿಗಳ ಚಿಂತೆ ಮಾಡಿದೆ. ವಾರವೆಲ್ಲ ನನ್ನ ಅಂಗೈ ಕೆಂಪಗಿತ್ತು. ಹೊಸ್ತಿಲಲ್ಲಿ ನೀನು ನೋಡುತ್ತಾ ನಿಂತದ್ದು ಅದನ್ನು.

ಈಗ ನನಗೆ ಎಲ್ಲ ಕಾಣುತ್ತದೆ. ಸತ್ತ ನವಿಲುಗಳನ್ನು ನೀನು ಮೊದಲು ನೋಡಿದೆ. ಒಂದರ ಕೊಕ್ಕಿನಲ್ಲೋ ಕುತ್ತಿಗೆಯ ಚೀಲದಲ್ಲೋ ಈ ಕಾಳು ಕಂಡೆ, ಬದುವಿನ ಮೇಲೂ ಕಂಡೆ. ಯಾರ ಹೊಲದ ಬದು ಎಂದು ನಿನಗೆ ಹೇಳಬೇಕೇ? ಜಂಗಲ್ ಖಾತೆಯವರು ಬರುವ ಮುಂಚೆ ನಸುಕಿನಲ್ಲಿ ಗುಂಡಿ ತೋಡಿ, ಹಕ್ಕಿಗಳನ್ನೂ ಬದುವಿನ ಕಾಳನ್ನೂ ಕೂಡಿಸಿ ಹುಗಿದೆ. ತುಂಬು ಬಾಲದ ನವಿಲುಗಳು. ಒಂದು ಗರಿಯನ್ನೂ ತೆಗೆಯದೆ ಹುಗಿದೆ. ತೆಗೆದಿದ್ದರೆ ನಿನ್ನ ಕುಂಚದಲ್ಲಿ ನಾನು ಹಿಡಿಯುತ್ತಿದ್ದೆ, ಒಂದನ್ನೂ ಬಿಡದೆ ಕೆರೆದವಳು ನಾನಲ್ಲವೇ.

ಗುರುವಾರ ನಾನೂ ಕಾಶೀಬಾಯಿಯೂ ದರ್ಗಾಕ್ಕೆ ಹೋದೆವು. ಕುಂಚಕ್ಕೆ ಮತ್ತೆ ಅರಗು ಹಚ್ಚಿ, ಬದನೆಕಾಯಿ ಬಣ್ಣದ ಸೀರೆಯ ಆ ಹಳೆಯ ಅಂಚಿನ ಮೇಲೆ ಈ ದೀಪಾವಳಿಯ ಹೊಸ ಸೀರೆಯ ಅಂಚು ಹರಿದು ಸುತ್ತಿದ್ದೆ. ಮುಜಾವರ ಚಾಚಾಗೆ ಈಗ ಕಣ್ಣು ಮಂಜು. ಗೋರಿಗೆ ಊದು ಹಾಕುತ್ತಿದ್ದರು. ಹತ್ತಾರು ಮಂದಿ ಇದ್ದರು. ಬೇಕಂತಲೇ ಅವರ ಮುಂದೆಯೇ ಹೇಳಿದೆ.

"ಚಾಚಾ, ಆವತ್ತ ನಾ ಹೇಳಿದ್ದು ತಪ್ಪ ಅದ್ರಿ. ಗರಿ ಎಲ್ಲಾ ಬಿದ್ದವು. ನವಿಲ ಸತ್ತಿದ್ದು ನಾ ಚೆಲ್ಲಿದ ಕಾಳಿಗಿ."

"ಕಣ್ಣಾರೆ ಕಂಡೇನಿ ಅಂದಿದ್ದಿ, ಬಾಯಿ."

"ಗರಿ ಕಂಡಿದ್ನಿರಿ. ನನ್ನ ಕೈ ಕಂಡಿರಲಿಲ್ಲ."

ಚಾಚಾ ಕುಂಚವನ್ನು ಬೇಗ ತೆಗೆದುಕೊಳ್ಳಲಿಲ್ಲ. ಬುಡವನ್ನು ಬೆರಳಿನಿಂದ ತಡವಿದರು, ಮೂಸಿದರು. ಅವರಿಗೂ ನನ್ನ ಮೇಲೆ ಅನುಮಾನ, ಇರಬೇಕಾದದ್ದೇ. "ಮನಿಷ್ಯಾನ್ನ ಇಪ್ಪತ್ತೆರಡ ವರ್ಷ ಹೊರಗ ನಿಲ್ಲಿಸಿ, ಈಗ ಬರೇ ಗರಿ ಒಳಗ ತಂದೀರಿ" ಎಂದರು. ಆಮೇಲೆ ಹೇಳಿದರು: "ಆವತ್ತ ನಾ ಭೀಮಶಾಗ ಒಲ್ಲೆ ಅಂದಾಗ ಆಂವ ಜಗಳಾ ತಗೀಲಿಲ್ಲ. 'ತಂಗಿ ಹೇಳಿದ್ಲೇನ್ರಿ? ಹಂಗಾರ ತಗೋಬ್ಯಾಡ್ರಿ' ಅಂದ. ಅಷ್ಟ ಅಂದು ಸೈಕಲ್ ಹತ್ತಿದ."

ಕಾಶೀಬಾಯಿ ಅಲ್ಲೇ ಫರಸಿಕಲ್ಲಿನ ಮೇಲೆ ಕೂತು ಅತ್ತಳು. ನಾನು ನಿಂತೇ ಇದ್ದೆ. ಚಾಚಾ ಎದ್ದು ಕುಂಚವನ್ನು ಗೋರಿಯ ತಲೆದೆಸೆಗೆ ಮುಟ್ಟಿಸಿ ಎತ್ತಿದರು. ಮೊದಲ ಬೀಸು ನಿನ್ನ ಮಗಳ ತಲೆಯ ಮೇಲೆ, ಎರಡನೆಯದು ನನ್ನ ತಲೆಯ ಮೇಲೆ. ಹಗುರವಾಗಿತ್ತು, ಆದರೂ ನನ್ನ ಕುತ್ತಿಗೆ ಬಗ್ಗಿತು.

ಒಂದು ಅನುಮಾನ ಮಾತ್ರ ಹೋಗಿಲ್ಲ ಅಣ್ಣಾ, ಇದು ನನ್ನ ಕೊನೆಯದು. ಆ ಡಬ್ಬಿಯನ್ನು ನೀನು ಯಾಕೆ ಇಟ್ಟೆ? ಜೇವರ್ಗಿಗೆ ಹೋಗುವಾಗಲೆಲ್ಲ ಭೀಮೆಯ ಸೇತುವೆ ದಾಟುತ್ತಿದ್ದೆಯಲ್ಲ, ಒಮ್ಮೆ ಮೇಲಿನಿಂದ ಒಗೆದಿದ್ದರೆ ಮುಗಿಯುತ್ತಿತ್ತು. ತಂಗಿಯ ಕೈಗೆ ಕೊಡಬೇಡ ಎಂದು ಮಗಳಿಗೆ ಹೇಳಿದೆ, ಕುಂಚದ ಅಂಚನ್ನು ತಂಗಿಯೇ ಬಿಚ್ಚಬೇಕು ಎಂದೂ ಹೇಳಿದೆ, ಎರಡನ್ನೂ ಒಂದೇ ಟ್ರಂಕಿನಲ್ಲಿ ಇಟ್ಟೆ. ಬೇಡ ಎಂದದ್ದನ್ನು ನಾನು ತೆರೆದೇ ನೋಡುತ್ತೇನೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನಿಂದ ಮುಚ್ಚಿಟ್ಟೆಯೋ, ನನಗಾಗಿ ಇಟ್ಟೆಯೋ...

ಉತ್ತರ ಬರುವುದಿಲ್ಲ, ಗೊತ್ತು. ಕುಂಚ ನಿನ್ನದು, ಅದು ಅಲ್ಲಿದೆ. ಡಬ್ಬಿ ನನ್ನದು, ನಮ್ಮ ಬಾಗಿಲ ಗೂಡಿನಲ್ಲಿದೆ. ಬರುವ ಮಿರಗಕ್ಕೆ ಬಿತ್ತಲು ಹೋಗುವವರು ನನ್ನ ಹೊಸ್ತಿಲ ಮುಂದೆಯೇ ಹಾಯಬೇಕು. ಒಬ್ಬೊಬ್ಬರನ್ನೂ ತಡೆದು, ಮುಚ್ಚಳ ತೆರೆದು ತೋರಿಸಿ, ಇದು ಯಾರ ಕೈಯ ಕಾಳು ಎಂದು ಹೇಳಿಯೇ ಬಿಡುತ್ತೇನೆ. ಉಳಿದ ಬೀಜವನ್ನು ಮಣ್ಣಲ್ಲಿ ಹುಗಿಯಿರಿ ಎನ್ನುತ್ತೇನೆ. ನಂಬದವರು ನನ್ನ ಕೈ ನೋಡಲಿ.

ಈ ಪತ್ರ ಬರೆಯುವ ಮುಂಚೆಯೂ ತೊಳೆದುಕೊಂಡೇ ಕೂತಿದ್ದೇನೆ.

ನಿನ್ನ ತಂಗಿ,
ಶರಣಮ್ಮ